ಊರಿಗೆ ಉಣಬಡಿಸುವವರ ಊಟ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು ನಮ್ಮ ಹಿರಿಯರ ಗಾದೆ. ಹೊರನಾಡಿನ ಕನ್ನಡಿಗರನ್ನು ಕಂಡವರಿಗೆ ಈ ಗಾದೆಯ ಉತ್ತರಾರ್ಧದ ವಿಷಯದಲ್ಲಿ ಸಂದೇಹ ಹುಟ್ಟಲಾರದು. ಗಿರಾಕಿಯು ಎಷ್ಟೇ ಸಿಡುಕಿದರೂ ನಗುಮೊಗದಿಂದ ಸಮಾಧಾನ ಹೇಳುವ ಮಾಣಿಗಳೂ, ಮೂರು ನಾಲ್ಕು ಭಾಷೆಗಳಲ್ಲಿ ಮೇಲಧಿಕಾರಿಗಳನ್ನು ಸಂತೈಸಬಲ್ಲ ಗುಮಾಸ್ತರೂ ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಗಾದೆಯ ಪೂರ್ವಾರ್ಧದ ಬಗ್ಗೆ ಅಷ್ಟೇ ಧೈರ್ಯದಿಂದ ಮಾತನಾಡಲು ನಾವು ಹಿಂಜರಿಯಬೇಕಾಗಿದೆ. ಮಾಟುಂಗಾ, ದಾದರ್, ಕೋಟೆ ಮೊದಲಾದ ಕಡೆಗಳಲ್ಲಿ ದಿನವೂ ಸಾವಿರಾರು ಜನರಿಗೆ ಹೊತ್ತುಹೊತ್ತಿಗೆ ಬಡಿಸುವ ಕೈಗಳು ತಮ್ಮ ತುತ್ತನ್ನು ಹೊತ್ತು ಮೀರಿದ ಮೇಲೆಯೇ ಎತ್ತುತ್ತವೆ. ಊರಿಗೆಲ್ಲ ಅನ್ನವಿಕ್ಕುವವನು ತಾನೇನು ಉಣ್ಣುತ್ತಾನೆಂದು ಕೇಳುವವರು ವಿರಳ.

ಕೆಲವು ತಿಂಗಳ ಹಿಂದೆ ನಮ್ಮ ಪರಿಚಯದ ಅಡುಗೆಭಟ್ಟರೊಬ್ಬರು, ಕಾಲಿನ ಗಾಯವೊಂದು ಎಷ್ಟು ದಿನವಾದರೂ ಮಾಯಲಿಲ್ಲವೆಂದು ದವಾಖಾನೆಗೆ ಹೋದರು. ರಕ್ತವನ್ನು ಪರೀಕ್ಷಿಸಿದ ವೈದ್ಯರು ಸಕ್ಕರೆ ಕಾಯಿಲೆಯ ಮಾತನ್ನೆತ್ತಿದರು. ಭಟ್ಟರಿಗೆ ನಂಬಿಕೆಯೇ ಬರಲಿಲ್ಲ. “ಮಾರಾಯ್ರೇ, ಇಪ್ಪತ್ತೆರಡು ವರ್ಷ ಜಿಲೇಬಿ, ಹಲ್ವ ಮಾಡಿದ್ದೇನೆ, ಒಂದು ತುಣುಕು ಬಾಯಿಗೆ ಹಾಕಿದವನಲ್ಲ. ನನಗೆಲ್ಲಿಯ ಸಕ್ಕರೆ ಕಾಯಿಲೆ?” ಎಂದು ನಮ್ಮೊಡನೆ ವಾದಿಸಿದರು. ಅವರು ಹೇಳಿದ್ದು ಸುಳ್ಳಲ್ಲ. ಸಿಹಿತಿಂಡಿಯನ್ನು ಅವರು ಮುಟ್ಟಿದವರಲ್ಲ. ಆದರೆ ದಿನದ ಚಹಾದ ಲೆಕ್ಕವನ್ನು ನಾವು ಕೇಳಲಾಗಿ, ಬೆಳಗಿನ ಜಾವ ನಾಲ್ಕೂವರೆಗೆ ಒಲೆ ಹೊತ್ತಿಸುವಾಗಿನಿಂದ ರಾತ್ರಿ ಬಾಗಿಲು ಹಾಕುವವರೆಗೆ ಎಂಟು ಅರ್ಧ ಗ್ಲಾಸುಗಳಾದುವು. ಗ್ಲಾಸಿಗೆ ಒಂದೂವರೆ ಚಮಚೆ ಸಕ್ಕರೆಯೆಂದರೂ ಹನ್ನೆರಡು ಚಮಚೆ. ಅಂದರೆ ದಿನಕ್ಕೆ ಸುಮಾರು 50 ಗ್ರಾಂ, ತಿಂಗಳಿಗೆ ಒಂದೂವರೆ ಕಿಲೋ. ಕಾಯಿಲೆಗೆ ಚಹಾವೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ವಂಶದ ಒಲವು, ನಿದ್ದೆಗೇಡು, ಹೊತ್ತುಗೆಟ್ಟ ಊಟ, ತಟ್ಟೆಯ ತುಂಬ ಬಿಳಿಯ ಅನ್ನ, ಇವೆಲ್ಲವೂ ಸೇರಿಯೇ ದೇಹವನ್ನು ಆ ದಾರಿಗೆ ಎಳೆಯುತ್ತವೆ. ಆದರೆ ತಾನು ತಿನ್ನುತ್ತಿಲ್ಲವೆಂದು ನಂಬಿದ್ದುದನ್ನೇ ಮನುಷ್ಯನು ತಿನ್ನುತ್ತಿರುತ್ತಾನೆಂಬುದಕ್ಕೆ ಭಟ್ಟರ ಲೆಕ್ಕವು ಒಳ್ಳೆಯ ನಿದರ್ಶನವಾಗಿದೆ.

ಭಟ್ಟರು ಒಬ್ಬಂಟಿಗರೂ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದರ ಅಂದಾಜಿನಂತೆ, ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10 ಕೋಟಿ. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ 13 ಕೋಟಿಗಿಂತ ಹೆಚ್ಚು. ಹಳ್ಳಿಗಳಿಗಿಂತ ಪಟ್ಟಣಗಳಲ್ಲಿ ಇದರ ಹಾವಳಿ ಅಧಿಕ. ದುಡಿಯಲೆಂದು ಪಟ್ಟಣಕ್ಕೆ ಬಂದವನು ಹಾಸಿಗೆ ಹಿಡಿದರೆ ಊರಿನಲ್ಲಿ ಒಂದು ಮನೆಯ ಒಲೆ ಆರುತ್ತದೆ. ತಂಗಿಯ ಮದುವೆ ಮುಂದಕ್ಕೆ ಹೋಗುತ್ತದೆ. ಮಗನ ಶಾಲೆ ನಿಲ್ಲುತ್ತದೆ. ಆದುದರಿಂದ ಊಟದ ವಿಚಾರವು ನಮ್ಮ ಜನರಿಗೆ ಕೇವಲ ನಾಲಗೆಯ ವಿಚಾರವಲ್ಲ. ಅದು ಮನೆಯ ಮಾನದ ವಿಚಾರ. ಇದಕ್ಕೆ ದುಬಾರಿ ಪುಡಿಗಳೂ ಬೇಡ, ಪರದೇಶದ ಹಣ್ಣುಗಳೂ ಬೇಡ. ದಿನದಿನದ ನಡೆಯಲ್ಲಿ ಕೆಲವು ಸಣ್ಣ ಬದಲಾವಣೆಗಳು ಸಾಕು. ಅವನ್ನು ಒಂದೊಂದಾಗಿ ವಿಚಾರಿಸೋಣ.

ಹೊತ್ತಿನ ಮಾತು

ಮೊದಲನೆಯದು, ಏನನ್ನು ತಿನ್ನಬೇಕೆಂಬುದಕ್ಕಿಂತಲೂ ಎಂದು ತಿನ್ನಬೇಕೆಂಬುದು. ಹೋಟೆಲಿನ ಹುಡುಗರಲ್ಲಿ ಬಹುಮಂದಿಯ ದಿನಚರಿ ಹೀಗಿದೆ: ಬೆಳಿಗ್ಗೆ ಐದಕ್ಕೆ ಬರಿಹೊಟ್ಟೆಗೆ ಚಹಾ, ಹತ್ತೂವರೆಗೆ ಉಳಿದ ಇಡ್ಲಿ, ವಡೆ, ಮಧ್ಯಾಹ್ನದ ನೂಕುನುಗ್ಗಲು ಕಳೆದು ಮೂರೂವರೆಗೆ ಅನ್ನ, ರಾತ್ರಿ ಕುರ್ಚಿಗಳನ್ನು ಮೇಜಿನ ಮೇಲೇರಿಸಿ ನೆಲ ಒರೆಸಿದ ಬಳಿಕ ಹನ್ನೊಂದೂವರೆಗೆ ಮತ್ತೊಮ್ಮೆ ಅನ್ನ, ಕೈ ತೊಳೆದ ಹತ್ತು ನಿಮಿಷಕ್ಕೆ ಹಾಸಿಗೆ. ಹಸಿದು ಹಸಿದು ಕೊನೆಗೆ ಉಣ್ಣುವವನು ಅಳತೆಯನ್ನರಿಯದೆ ಉಣ್ಣುತ್ತಾನೆ. ಉಂಡೊಡನೆ ಮಲಗುವವನಿಗೆ ಎದೆಯುರಿ, ಹುಳಿತೇಗು ತಪ್ಪಿದ್ದಲ್ಲ. ಕತ್ತಲಾದ ಮೇಲೆ ದೇಹವು ಸಕ್ಕರೆಯನ್ನು ಅರಗಿಸಿಕೊಳ್ಳುವ ಶಕ್ತಿಯೂ ಹಗಲಿನಷ್ಟು ಇರುವುದಿಲ್ಲ.

ಕೆಲಸದ ಸ್ವರೂಪವನ್ನು ನಾವು ಬದಲಿಸಲಾರೆವು. ಗಿರಾಕಿ ಬರುವ ಹೊತ್ತಿಗೆ ಬಂದೇ ಬರುತ್ತಾನೆ. ಆದರೆ ನೂಕುನುಗ್ಗಲು ಮುಗಿದ ಮೇಲೆ ಉಣ್ಣುವ ಬದಲು ಅದು ತೊಡಗುವ ಮೊದಲು ಉಣ್ಣುವುದು ಅಸಾಧ್ಯವೇನಲ್ಲ. ಬೆಳಿಗ್ಗೆ ಏಳರ ಸುಮಾರಿಗೆ ಸರದಿಯಂತೆ ಎರಡು ಇಡ್ಲಿ, ಒಂದು ಬಟ್ಟಲು ಸಾಂಬಾರು, ಹನ್ನೊಂದೂವರೆಗೆ ಊಟ, ಸಂಜೆ ಏಳರ ಒಳಗೆ ರಾತ್ರಿಯ ಊಟದ ದೊಡ್ಡ ಪಾಲು, ಅಂಗಡಿ ಮುಚ್ಚಿದ ಮೇಲೆ ಬೇಕಾದರೆ ಒಂದು ಲೋಟ ಮಜ್ಜಿಗೆ ಅಥವಾ ತೆಳ್ಳನೆಯ ಗಂಜಿ. ಇದಕ್ಕೆ ಧಣಿಗಳ ಅನುಮತಿ ಬೇಕು ನಿಜ. ಆದರೆ ಹೊಟ್ಟೆ ತುಂಬಿದ ಹುಡುಗನ ಕೈಯಿಂದ ಲೋಟ ಜಾರುವುದು ಕಡಮೆ, ಗಿರಾಕಿಯ ಮೇಲೆ ಸಿಡುಕುವುದು ಇನ್ನೂ ಕಡಮೆ ಎಂಬುದನ್ನು ಗಲ್ಲೆಯ ಮೇಲೆ ಕುಳಿತ ಯಾರೂ ಅಲ್ಲಗಳೆಯಲಾರರು.

ಚಹಾದ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಹೊರಡಿಸಿದ ಸೂಚನೆಯಂತೆ, ನಾವು ಆಹಾರಕ್ಕೆ ಬೆರೆಸುವ ಸಕ್ಕರೆಯು ದಿನದ ಒಟ್ಟು ಶಕ್ತಿಯ ನೂರರಲ್ಲಿ ಹತ್ತು ಪಾಲನ್ನು ಮೀರಬಾರದು; ಐದು ಪಾಲಿಗೆ ಇಳಿಸಿದರೆ ಮತ್ತೂ ಒಳಿತು. ಸಾಧಾರಣ ಮನುಷ್ಯನಿಗೆ ಇದು ಸುಮಾರು 25 ಗ್ರಾಂ, ಅಂದರೆ ಐದಾರು ಚಮಚೆಗಳಾಯಿತು. ಭಟ್ಟರು ಚಹಾವೊಂದರಲ್ಲಿಯೇ ಇದರ ಇಮ್ಮಡಿಯನ್ನು ಕುಡಿಯುತ್ತಿದ್ದರು.

ಚಹಾ ಬಿಡಿರೆಂದು ಹೇಳಿದರೆ ನಮ್ಮ ಮಾತನ್ನು ಯಾರೂ ಕೇಳಲಾರರು. ಕೇಳಬೇಕೆಂದು ನಾವೂ ಬಯಸುವುದಿಲ್ಲ. ಬೆಂಕಿಯ ಮುಂದೆ ನಿಂತವನಿಗೂ ಲೆಕ್ಕದ ಪುಸ್ತಕದ ಮುಂದೆ ಕುಳಿತವನಿಗೂ ಅದೊಂದು ಬಿಡುವು. ಎಂಟನ್ನು ಮೂರಕ್ಕಿಳಿಸಿ, ಒಂದೂವರೆ ಚಮಚೆಯನ್ನು ವಾರಕ್ಕೆ ಕಾಲು ಚಮಚೆಯಂತೆ ಕುಗ್ಗಿಸುತ್ತ ಹೋದರೆ ಸಾಕು. ನಾಲಗೆಯು ರೂಢಿಯ ದಾಸ. ಒಂದೆರಡು ತಿಂಗಳಲ್ಲಿ ಹಳೆಯ ಸಿಹಿಯೇ ಅತಿಯೆನಿಸುತ್ತದೆ. ಇನ್ನೊಂದು ಮಾತು. ಊಟದ ಜೊತೆಯಲ್ಲಿ ಇಲ್ಲವೆ ಉಂಡೊಡನೆ ಚಹಾ ಕುಡಿದರೆ ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣದ ಅಂಶವು ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ. ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯಾದರೂ ಅಂತರವಿರಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ಸೂಚಿಸಿದೆ. ರಕ್ತಹೀನತೆ ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟು ವ್ಯಾಪಕವಾಗಿದೆಯೆಂಬುದನ್ನು ನೆನೆದರೆ, ಆಫೀಸುಗಳಲ್ಲಿ ದುಡಿಯುವ ನಮ್ಮ ಸೋದರಿಯರು ಈ ಮಾತಿಗೆ ವಿಶೇಷವಾಗಿ ಲಕ್ಷ್ಯ ಕೊಡಬೇಕಾಗಿದೆ.

ಅಕ್ಕಿಯ ಕಥೆ

ದಕ್ಷಿಣ ಕನ್ನಡದ ಮನೆಗಳಲ್ಲಿ ಕುಚ್ಚಲಕ್ಕಿಯ ಗಂಜಿ, ಬಯಲುಸೀಮೆಯಲ್ಲಿ ರಾಗಿಯ ಮುದ್ದೆ, ಧಾರವಾಡ ವಿಜಾಪುರಗಳ ಕಡೆ ಜೋಳದ ರೊಟ್ಟಿ: ಇವು ನಮ್ಮ ತಾಯಂದಿರು ನಮಗಿಕ್ಕಿದ ಅನ್ನ. ಪಟ್ಟಣಕ್ಕೆ ಬಂದ ಮೇಲೆ ಇವೆಲ್ಲವನ್ನೂ ಬಡವರ ಆಹಾರವೆಂದು ದೂರವಿಟ್ಟು, ಗಿರಣಿಯಲ್ಲಿ ಮಲ್ಲಿಗೆಯಂತೆ ಬೆಳ್ಳಗಾದ ಅಕ್ಕಿಗೆ ನಾವು ಮನಸೋತೆವು. ಆ ಬಿಳುಪಿನ ಬೆಲೆ ಏನೆಂಬುದನ್ನು ಜಗತ್ತು ಬಹಳ ಹಿಂದೆಯೇ ಕಲಿತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಐಕ್‌ಮನ್ ಎಂಬವರು, ಪಾಲಿಶ್ ಮಾಡಿದ ಅಕ್ಕಿಯನ್ನೇ ತಿಂದ ಕೋಳಿಗಳ ಕಾಲುಗಳು ಬಲಗುಂದುವುದನ್ನೂ, ತೌಡು ಸಹಿತವಾದ ಅಕ್ಕಿಯನ್ನಿಕ್ಕಿದರೆ ಅವು ಚೇತರಿಸಿಕೊಳ್ಳುವುದನ್ನೂ ಕಂಡರು. ಮನುಷ್ಯರನ್ನು ಕಾಡುತ್ತಿದ್ದ ಬೆರಿಬೆರಿ ರೋಗದ ಗುಟ್ಟು ಹೀಗೆ ಹೊರಬಿದ್ದಿತು. ಅವರಿಗೆ 1929ರಲ್ಲಿ ನೊಬೆಲ್ ಪಾರಿತೋಷಕವೂ ದೊರೆಯಿತು. ನಮ್ಮ ದೇಶದಲ್ಲಿಯೂ ಇದೇ ಬೆರಿಬೆರಿಯ ವಿಚಾರಣೆಗಾಗಿ 1918ರಲ್ಲಿ ನೀಲಗಿರಿಯ ಕುನೂರಿನಲ್ಲಿ ರಾಬರ್ಟ್ ಮ್ಯಾಕ್ಯಾರಿಸನ್ ಅವರು ಒಂದು ಸಣ್ಣ ಕೋಣೆಯಲ್ಲಿ ಆರಂಭಿಸಿದ ಕೆಲಸವೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, ಮೇಲೆ ಹೇಳಿದ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು.

ನಮ್ಮ ಅಜ್ಜಿಯರಿಗೆ ಬೆರಿಬೆರಿಯ ಹೆಸರು ತಿಳಿದಿರಲಿಲ್ಲ. ಆದರೆ ಭತ್ತವನ್ನು ಕುದಿಸಿ ಒಣಗಿಸಿ ಅಕ್ಕಿ ಮಾಡುವುದು ತಿಳಿದಿತ್ತು. ಹಾಗೆ ಕುದಿಸುವಾಗ ತೌಡಿನ ಪದರದಲ್ಲಿರುವ ಜೀವಸತ್ವಗಳಲ್ಲಿ ಒಂದು ಪಾಲು ಅಕ್ಕಿಯ ಒಳಕ್ಕಿಳಿಯುತ್ತದೆ. ಗಿರಣಿಯು ಹೊರಪದರವನ್ನು ಕೆತ್ತಿದರೂ ಅದು ಉಳಿಯುತ್ತದೆ. ಗಂಜಿಯ ತಿಳಿಯನ್ನು ಚೆಲ್ಲದೆ ಉಣ್ಣುವ ಕರಾವಳಿಯ ಪದ್ಧತಿಯಲ್ಲಿಯೂ ಇದೇ ಜಾಣ್ಮೆಯಿದೆ. ನೀರಿಗಿಳಿದ ಸತ್ವವು ಮೋರಿಯ ಪಾಲಾಗದೆ ಹೊಟ್ಟೆಗೆ ಸೇರುತ್ತದೆ.

ರಾಗಿಯ ಮಾತನ್ನು ಹೇಳಬೇಕಾದುದೇ ಇಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಷ್ಟೇ ತೂಕದ ಬಿಳಿಯ ಅಕ್ಕಿಯಲ್ಲಿ ಅದು ಹತ್ತು ಮಿಲಿಗ್ರಾಮಿಗೂ ಕಡಮೆ. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ, ನಾವು ನಾಚಿಕೆಯಿಂದ ಮರೆಮಾಡುತ್ತಿದ್ದ ಮುದ್ದೆ ರೊಟ್ಟಿಗಳು ದೊಡ್ಡ ದೊಡ್ಡ ಹೋಟೆಲುಗಳ ಪಟ್ಟಿಯನ್ನೇರಿವೆ! ಮಹಾರಾಷ್ಟ್ರದಲ್ಲಿ ಇದನ್ನು ನಾಚಣಿಯೆಂದು ಕರೆಯುತ್ತಾರೆ. ಬೀದಿಯ ಕಿರಾಣಿ ಅಂಗಡಿಯಲ್ಲಿ ಹಿಟ್ಟು ಸಿಗುತ್ತದೆ. ಜೋಳದ ಭಾಕರಿಯಂತೂ ಊರೆಲ್ಲ ದೊರೆಯುವ ವಸ್ತು. ದಿನದ ಎರಡು ಊಟಗಳಲ್ಲಿ ಒಂದಕ್ಕಾದರೂ ಬಿಳಿಯ ಅನ್ನದ ಬದಲು ಇವುಗಳಲ್ಲೊಂದನ್ನು ಇಟ್ಟುಕೊಳ್ಳಬಹುದು. ಆದರೆ ಒಂದು ಎಚ್ಚರಿಕೆ: ರಾಗಿಯೆಂದು ಹೇಳಿ ಮಿತಿಯಿಲ್ಲದೆ ತಿಂದರೆ, ಅದರಲ್ಲಿಯೂ ನುಣ್ಣನೆಯ ಅಂಬಲಿಗೆ ಬೆಲ್ಲ ಬೆರೆಸಿ ಕುಡಿದರೆ, ರಕ್ತದ ಸಕ್ಕರೆ ಏರದೆ ಇರುವುದಿಲ್ಲ. ಅತಿಯಾದರೆ ಅಮೃತವೂ ವಿಷ.

ತಟ್ಟೆಯ ಅರ್ಧ

ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಆಹಾರ ಸೂಚನೆಗಳ ಸಾರವನ್ನು ಒಂದೇ ಮಾತಿನಲ್ಲಿ ಹೇಳಬಹುದು: ತಟ್ಟೆಯ ಅರ್ಧ ಭಾಗ ಸೊಪ್ಪು, ತರಕಾರಿ, ಹಣ್ಣುಗಳಿಗೆ; ಉಳಿದರ್ಧದಲ್ಲಿ ಧಾನ್ಯ, ಬೇಳೆಕಾಳು ಮತ್ತಿತರ ವಸ್ತುಗಳು. ದಿನಕ್ಕೆ ಸುಮಾರು 400 ಗ್ರಾಂ ತರಕಾರಿ, 85 ಗ್ರಾಂ ಬೇಳೆಕಾಳು ಎಂಬುದು ಅವರು ಕೊಡುವ ಅಳತೆ. ನಮ್ಮ ತಟ್ಟೆಯಲ್ಲಿ ನಡೆಯುವುದು ಇದಕ್ಕೆ ತೀರ ವಿರುದ್ಧ. ಅನ್ನದ ಬೆಟ್ಟ; ಅದರ ಮೇಲೆ ಸಾರಿನ ಝರಿ; ಬದಿಯಲ್ಲಿ ಕಾಣಿಸಿಯೂ ಕಾಣಿಸದಂತೆ ಒಂದು ಚಿಟಿಕೆ ಪಲ್ಯ.

ಅನ್ನವನ್ನು ಒಂದು ಸೌಟು ತಗ್ಗಿಸಿ ಪಲ್ಯವನ್ನು ಒಂದು ಸೌಟು ಏರಿಸುವುದೇ ಇಲ್ಲಿ ಬೇಕಾದ ಬದಲಾವಣೆ. ಹರಿವೆ, ಬಸಳೆ, ಮೆಂತೆ, ಪಾಲಕ್ ಯಾವುದಾದರೂ ಸರಿ. ಸಂಜೆಯ ಹೊತ್ತಿಗೆ ಮಾರುಕಟ್ಟೆಯಲ್ಲಿ ಕಟ್ಟಿನ ಬೆಲೆ ಇಳಿದಿರುತ್ತದೆ. ಹುರುಳಿ, ಮಡಕಿ, ಹೆಸರು, ಅಲಸಂದೆಗಳನ್ನು ರಾತ್ರಿ ನೆನೆಹಾಕಿ ಮೊಳಕೆ ಬರಿಸಿದರೆ ಸತ್ವವೂ ಹೆಚ್ಚು, ಅರಗುವುದೂ ಸುಲಭ. ಅಕ್ಕಿಯಲ್ಲಿ ಕೊರತೆಯಾದ ಮಾಂಸವರ್ಧಕ ಅಂಶವು ಬೇಳೆಯಲ್ಲಿದೆ. ಬೇಳೆಯಲ್ಲಿ ಕೊರತೆಯಾದುದು ಅಕ್ಕಿಯಲ್ಲಿದೆ. ಇವೆರಡನ್ನೂ ಜೊತೆಗೂಡಿಸಿದ ನಮ್ಮ ಇಡ್ಲಿ ಆದುದರಿಂದಲೇ ಒಳ್ಳೆಯ ತಿಂಡಿ. ಹುದುಗು ಬಂದು, ಎಣ್ಣೆಯ ಸೋಂಕಿಲ್ಲದೆ ಹಬೆಯಲ್ಲಿ ಬೆಂದದ್ದು. ಸಾಂಬಾರನ್ನು ಬಟ್ಟಲಿನ ತುಂಬ ಹಾಕಿಕೊಂಡು ತಿಂದರೆ ಮತ್ತೂ ಉತ್ತಮ. ಊಟದ ಕೊನೆಗೆ ಅರ್ಧ ನಿಂಬೆಯನ್ನು ಹಿಂಡಿಕೊಂಡರೆ ಸೊಪ್ಪಿನ ಕಬ್ಬಿಣವು ದೇಹಕ್ಕೆ ಚೆನ್ನಾಗಿ ಹತ್ತುತ್ತದೆ. ಮೀನು ತಿನ್ನುವವರು ಬಂಗುಡೆ, ಬೂತಾಯಿಗಳನ್ನು ಹುರಿಯುವುದಕ್ಕಿಂತ ಸಾರು ಮಾಡಿ ಉಂಡರೆ ಲಾಭ ಹೆಚ್ಚು.

ಬಾಣಲೆ ಮತ್ತು ಉಪ್ಪಿನ ಡಬ್ಬಿ

ಹೋಟೆಲಿನವರಿಗೆ ಎಣ್ಣೆಯ ಸಂಗತಿಯನ್ನು ನಾವು ಹೊಸದಾಗಿ ಹೇಳಬೇಕಾಗಿಲ್ಲ. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದರೆ ಅದು ಕಪ್ಪಾಗಿ, ಅಂಟಾಗಿ, ಬೇಗ ಹೊಗೆಯೇಳುವುದನ್ನು ಬಾಣಲೆಯ ಮುಂದೆ ನಿಂತವರೆಲ್ಲರೂ ಬಲ್ಲರು. ಆಗ ಅದರಲ್ಲಿ ಹುಟ್ಟುವ ಕೆಟ್ಟ ಪದಾರ್ಥಗಳು ನೂರಕ್ಕೆ 25ನ್ನು ಮೀರಿದರೆ ಆ ಎಣ್ಣೆಯನ್ನು ಬಳಸಕೂಡದೆಂಬ ನಿಯಮವು 2018ರ ಜುಲೈ 1ರಿಂದ ಜಾರಿಯಲ್ಲಿದೆ. ಅಂಥ ಎಣ್ಣೆಯನ್ನು ಸಂಗ್ರಹಿಸಿ ಜೈವಿಕ ಇಂಧನ ಮಾಡುವ ಏರ್ಪಾಡೂ ಇದೆ. ಆದರೂ ಗಿರಾಕಿಗೆ ಬಡಿಸಲಾಗದ ಎಣ್ಣೆಯು ಕೆಲವೆಡೆ ಕೆಲಸಗಾರರ ಒಗ್ಗರಣೆಗೆ ಬರುವುದುಂಟೆಂದು ಕೇಳಿದ್ದೇವೆ. ಗಿರಾಕಿಯ ಹೊಟ್ಟೆಗೆ ಸಲ್ಲದ್ದು ಹುಡುಗನ ಹೊಟ್ಟೆಗೆ ಸಲ್ಲುವುದೆಂಬ ನ್ಯಾಯ ಯಾವ ಶಾಸ್ತ್ರದಲ್ಲಿಯೂ ಇಲ್ಲ. ಬೆಳಿಗ್ಗೆ ಮಿಕ್ಕ ವಡೆ, ಬಜೆಗಳನ್ನು ಸಂಜೆ ಮತ್ತೆ ಕರಿದು ತಿನ್ನುವ ಪದ್ಧತಿಯನ್ನೂ ನಿಲ್ಲಿಸುವುದು ಒಳ್ಳೆಯದು.

ಉಪ್ಪಿನ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಿನಕ್ಕೆ 5 ಗ್ರಾಮಿಗಿಂತ ಕಡಮೆ, ಅಂದರೆ ಒಂದು ಚಮಚೆ ಮಟ್ಟಸ. ಉಪ್ಪಿಗಿಂತ ರುಚಿಯಿಲ್ಲವೆಂಬುದು ದಿಟ. ಆದರೆ ರಕ್ತದ ಒತ್ತಡವನ್ನು ಏರಿಸುವುದರಲ್ಲಿಯೂ ಅದಕ್ಕೆ ಸಮನಾದುದು ವಿರಳ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚೂಡಾ, ಒಣಮೀನುಗಳಲ್ಲಿ ಅದು ಕಣ್ಣಿಗೆ ಕಾಣದಂತೆ ಅಡಗಿರುತ್ತದೆ. ಪಲ್ಯ ಕಡಮೆಯಾದಾಗಲೇ ಉಪ್ಪಿನಕಾಯಿ ಹೆಚ್ಚು ಬೇಕಾಗುತ್ತದೆಂಬುದನ್ನು ವಾಚಕರು ಗಮನಿಸಿರಬಹುದು. ಮೊದಲಿನದನ್ನು ಸರಿಪಡಿಸಿದರೆ ಎರಡನೆಯದು ತಾನಾಗಿ ಸರಿಹೋಗುತ್ತದೆ. ಒಲೆಯ ಮುಂದೆ ಬೆವರು ಸುರಿಸುವವರು ನೀರನ್ನು ಬಾಯಾರುವ ಮೊದಲೇ ಕುಡಿಯಬೇಕು. ತೆಳು ಮಜ್ಜಿಗೆಯಾದರೆ ಮತ್ತೂ ಹಿತ.

ಗುಮಾಸ್ತರ ಡಬ್ಬಿ

ಇನ್ನು ನಮ್ಮ ಕಾರಕೂನ ಬಂಧುಗಳು. ಇವರ ಸಂಕಟ ಬೇರೆ ಬಗೆಯದು. ಡೊಂಬಿವಲಿಯಿಂದಲೋ ವಿರಾರದಿಂದಲೋ ಲೋಕಲ್ ಗಾಡಿಯಲ್ಲಿ ನಿಂತು ಬಂದವರು ಆಫೀಸಿನಲ್ಲಿ ಎಂಟು ಗಂಟೆ ಕುಳಿತೇ ಇರುತ್ತಾರೆ. ಮಧ್ಯಾಹ್ನದ ಡಬ್ಬಿ ಚೆನ್ನಾಗಿಯೇ ಇರುತ್ತದೆ. ಕೆಡುಕು ಹುಟ್ಟುವುದು ಸಂಜೆ ಐದೂವರೆಗೆ. ಸ್ಟೇಶನ್ನಿನ ಬಳಿ ವಡಾಪಾವಿನ ಪರಿಮಳವನ್ನು ದಾಟಿಹೋಗಬಲ್ಲ ವೀರನು ಇನ್ನೂ ಹುಟ್ಟಬೇಕಷ್ಟೆ! ಮೈದಾದ ಪಾವು, ಅದರೊಳಗೆ ಬಟಾಟೆ, ಅದರ ಮೇಲೆ ಎಣ್ಣೆ. ವಾರಕ್ಕೊಮ್ಮೆಯಾದರೆ ಹಬ್ಬ, ದಿನವೂ ಆದರೆ ರೋಗ. ಹಸಿವಿಗೆ ಬುದ್ಧಿ ಹೇಳಿ ಫಲವಿಲ್ಲ. ಹಸಿವಾಗುವ ಮೊದಲೇ ಉತ್ತರ ಸಿದ್ಧವಿರಬೇಕು. ಡಬ್ಬಿಯ ಚೀಲದಲ್ಲಿ ಒಂದು ಹಿಡಿ ಹುರಿದ ಕಡಲೆ, ಸ್ವಲ್ಪ ನೆಲಗಡಲೆ, ಒಂದು ಬಾಳೆಹಣ್ಣು ಅಥವಾ ಪೇರಲೆ ಇದ್ದರೆ ನಾಲ್ಕೂವರೆಗೆ ಅದನ್ನು ಮುಗಿಸಿ ನಿಶ್ಚಿಂತೆಯಿಂದ ಸ್ಟೇಶನ್ನಿಗೆ ನಡೆಯಬಹುದು. ಮಧ್ಯಾಹ್ನದ ಊಟವಾದೊಡನೆ ಹತ್ತು ಹದಿನೈದು ನಿಮಿಷ ನಡೆದಾಡಿದರೆ ರಕ್ತಕ್ಕೆ ಸೇರುವ ಸಕ್ಕರೆಯನ್ನು ಕಾಲಿನ ಸ್ನಾಯುಗಳು ಬಳಸಿಕೊಳ್ಳುತ್ತವೆ. ಕಣ್ಣೆಳೆಯುವ ತೂಕಡಿಕೆಯೂ ದೂರವಾಗುತ್ತದೆ.

ಡಬ್ಬಿ ಕಟ್ಟುವ ಗೃಹಿಣಿಯರ ಶ್ರಮವನ್ನು ನಾವು ಮರೆತಿಲ್ಲ. ಗಂಡನಿಗೂ ಮಕ್ಕಳಿಗೂ ಕಟ್ಟಿಕೊಟ್ಟು, ಮಿಕ್ಕಿದ್ದನ್ನು ತಾವು ಉಣ್ಣುವ ಪದ್ಧತಿ ನಮ್ಮ ಮನೆಗಳಲ್ಲಿ ಇನ್ನೂ ಹೋಗಿಲ್ಲ. ಮನೆಯ ಆರೋಗ್ಯದ ಸುಧಾರಣೆ ಅವರ ತಟ್ಟೆಯಿಂದಲೇ ತೊಡಗಬೇಕೆಂಬುದು ನಮ್ಮ ಅಭಿಪ್ರಾಯ.

ತಿಳಿದುಕೊಳ್ಳುವ ಧೈರ್ಯ

ಊಟದ ಬದಲಾವಣೆಯಷ್ಟೇ ಅಗತ್ಯವಾದುದು ದೇಹದ ಲೆಕ್ಕ ತಪಾಸಣೆ. ಮೂವತ್ತು ವರ್ಷ ದಾಟಿದವರ ಸಕ್ಕರೆ, ರಕ್ತದೊತ್ತಡಗಳನ್ನು ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಹಣವಿಲ್ಲದೆ ಪರೀಕ್ಷಿಸುವ ವ್ಯವಸ್ಥೆಯಿದೆ. ಬರಿಹೊಟ್ಟೆಯ ಸಕ್ಕರೆ 126ನ್ನು ಮುಟ್ಟಿದರೆ, ಇಲ್ಲವೆ ಒತ್ತಡವು 140ಕ್ಕೆ 90ನ್ನು ಮುಟ್ಟಿದರೆ ವೈದ್ಯರ ಸಲಹೆ ಪಡೆಯಲು ತಡಮಾಡಬಾರದು. ಈ ಎರಡು ರೋಗಗಳೂ ಬಹುಕಾಲ ನೋವು ಕೊಡದೆ ಒಳಗೊಳಗೇ ಕಣ್ಣು, ಮೂತ್ರಪಿಂಡ, ಹೃದಯಗಳನ್ನು ಕೊರೆಯುತ್ತವೆ. ರೋಗ ತಿಳಿದರೆ ಕೆಲಸ ಹೋದೀತೆಂಬ ಅಂಜಿಕೆಯಿಂದ ಪರೀಕ್ಷೆಯನ್ನೇ ತಪ್ಪಿಸಿಕೊಳ್ಳುವ ಹುಡುಗರನ್ನು ನಾವು ಬಲ್ಲೆವು. ತಿಳಿಯದಿದ್ದರೆ ಕೆಲಸವೊಂದೇ ಅಲ್ಲ, ಕಾಲೂ ಹೋದೀತೆಂಬುದನ್ನು ಅವರಿಗೆ ಪ್ರೀತಿಯಿಂದ ತಿಳಿಯಹೇಳಬೇಕು. ಮದ್ದು ಕೊಟ್ಟಿದ್ದರೆ ಪಥ್ಯವನ್ನು ನೆಚ್ಚಿ ತಾವಾಗಿಯೇ ಅದನ್ನು ನಿಲ್ಲಿಸಬಾರದೆಂಬುದನ್ನೂ ಹೇಳಬೇಕು.

ಇಷ್ಟೆಲ್ಲವನ್ನೂ ಒಂದೇ ದಿನ ಕೈಗೊಳ್ಳಬೇಕೆಂದು ನಾವು ಹೇಳುತ್ತಿಲ್ಲ. ಹಾಗೆ ಹೊರಟವರು ವಾರದೊಳಗೆ ಮೊದಲಿನ ದಾರಿಗೇ ಮರಳುವುದನ್ನು ಕಂಡಿದ್ದೇವೆ. ಈ ತಿಂಗಳು ಚಹಾದ ಸಕ್ಕರೆ, ಮುಂದಿನ ತಿಂಗಳು ಒಂದು ಸೌಟು ಪಲ್ಯ, ಆಮೇಲೆ ರಾತ್ರಿಯ ಊಟದ ಹೊತ್ತು. ಹೀಗೆ ನಡೆದರೆ ವರ್ಷದೊಳಗೆ ಮನುಷ್ಯನು ತನಗರಿಯದಂತೆಯೇ ಬದಲಾಗಿರುತ್ತಾನೆ.

ಮೊನ್ನೆ ಭಟ್ಟರನ್ನು ಮತ್ತೆ ಕಂಡೆವು. ಕಾಲಿನ ಗಾಯ ಮಾದಿದೆ, ಮದ್ದು ಮುಂದುವರಿದಿದೆ. ಚಹಾ ಎರಡಕ್ಕೆ ಇಳಿದಿದೆ, ಅದೂ ಸಕ್ಕರೆಯಿಲ್ಲದ್ದು. ಅವರ ಧಣಿಗಳು ಕೆಲಸಗಾರರ ಊಟವನ್ನು ಈಗ ಹನ್ನೊಂದೂವರೆಗೆ ಇಟ್ಟಿದ್ದಾರಂತೆ. ವಾರಕ್ಕೆ ಎರಡು ದಿನ ಕುಚ್ಚಲಕ್ಕಿಯ ಗಂಜಿ, ಹುರುಳಿಯ ಸಾರು. “ಮೊದಲು ಹುಡುಗರೆಲ್ಲ ಗೊಣಗಿದರು, ಮಾರಾಯ್ರೇ. ಈಗ ಗಂಜಿಯ ದಿನ ಒಂದು ಕಾಳೂ ಮಿಗುವುದಿಲ್ಲ. ಊರಿನ ನೆನಪಾಗುತ್ತದಂತೆ” ಎಂದು ಅವರು ನಕ್ಕರು.

ಊರನ್ನು ಬಿಟ್ಟು ಬಂದ ನಾವು ಊರಿನಿಂದ ತರಬಹುದಾಗಿದ್ದ ಒಳ್ಳೆಯದರಲ್ಲಿ ಬಹಳಷ್ಟನ್ನು ದಾರಿಯಲ್ಲಿಯೇ ಚೆಲ್ಲಿಕೊಂಡೆವು. ತಾಯಿ ಇಕ್ಕಿದ ಗಂಜಿಯ ಬಟ್ಟಲನ್ನಾದರೂ ಮರಳಿ ಕೈಗೆತ್ತಿಕೊಳ್ಳುವುದು ನಮ್ಮ ವಶದಲ್ಲಿದೆ.